ಅಂತರಪಟದ ಹಿಂದಿನ ಲೇಯರ್

ಡಿಜಿಟಲ್ ಸ್ಕ್ರ್ಯಾಪ್‌ಬುಕ್ ಎಂದರೆ ಕಂಪ್ಯೂಟರಿನಲ್ಲಿ ಫೋಟೋಗಳಿಗೆ ಹೂವು, ಬಳ್ಳಿ, ಬಣ್ಣದ ಕಾಗದ ಸೇರಿಸಿ ಚಂದದ ಪುಟ ಮಾಡುವುದು. ಅದರ ಸಮಸ್ತ ಪರಿಭಾಷೆಯನ್ನು ಒಂದು ಭಾನುವಾರ ಊಟಕ್ಕೆ ಮೊದಲೇ ಕಲಿತು ಮುಗಿಸುವುದಾಗಿ ನಾನು ಘೋಷಿಸಿದೆ. ಶಹಾಪುರದ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಸುತ್ತೋಲೆಗಳ ಕನ್ನಡವನ್ನೇ ಅರ್ಥ ಮಾಡಿಕೊಂಡವನಿಗೆ ಇದು ಯಾವ ಲೆಕ್ಕ!

ಕಾರಣವೂ ಘನವಾದದ್ದೇ. ನಮ್ಮ ಮದುವೆಯದು ಉಳಿದಿರುವುದು ಒಂದೇ ಫೋಟೋ. ಅದರಲ್ಲಿ ಬಾಸಿಂಗ ಕಟ್ಟಿಕೊಂಡು ನಾನು ನಿಂತಿದ್ದೇನೆ. ನನ್ನ ಮುಂದೆ ಬಿಳಿ ಅಂತರಪಟ. ಅದರ ತುದಿ ಹಿಡಿದು ನನ್ನ ಮಾವ ನಗುತ್ತಿದ್ದಾರೆ. ಹೆಂಡತಿ ಕಮಲಾ ಆ ಬಟ್ಟೆಯ ಹಿಂದಿದ್ದಾಳೆ, ಅಂದರೆ ಫೋಟೋದಲ್ಲಿಲ್ಲ. ಮಾವ ತೀರಿಕೊಂಡಿದ್ದಾರೆ, ಅವರು ನಕ್ಕ ಫೋಟೋ ಇದೊಂದೇ. ಸುರಪುರದ ಅವರ ಮನೆಯಲ್ಲಿದ್ದ ಮೂಲ ಪ್ರತಿ ಗಾಜಿಗೆ ಅಂಟಿ ಹಾಳಾಗಿತ್ತು. ಉಳಿದದ್ದು ನನ್ನ ಲ್ಯಾಪ್‌ಟಾಪಿನಲ್ಲಿದ್ದ ಪ್ರತಿ ಮಾತ್ರ. ಮದುವೆಯ ದಿನಕ್ಕೆ ಅದನ್ನು ಅಲಂಕರಿಸಿ ಕೊಡುತ್ತೇನೆಂದು ಕಮಲಾಳಿಗೆ ಮಾತು ಕೊಟ್ಟಿದ್ದೆ.

"ಅಪ್ಪನ ಫೋಟೋಕ್ಕ ಏನರ ಆದ್ರ ನೋಡ್ರಿ ಮತ್ತ!" ಎಂದಿದ್ದಳು.

ಸುರಪುರದಲ್ಲಿರುವ ಅವಳ ಅಣ್ಣನ ಮಗಳು ಭಾಗ್ಯ ಫೋನಿನಲ್ಲೇ ಪಾಠ ಶುರು ಮಾಡಿದಳು.

"ಕಿಟ್ ಅಂದ್ರ ಸಾಮಾನಿನ ಗಂಟು, ಮಾಮಾ. ಪೇಪರ್ ಅಂದ್ರ ತಳಕ್ಕ ಹಾಸೋದು. ಎಲಿಮೆಂಟ್ ಅಂದ್ರ ಮ್ಯಾಲ ಇಡೋ ಹೂವು, ರಿಬ್ಬನ್ನು. ಫ್ಲಾಟನ್ ಅಂದ್ರ ಎಲ್ಲಾ ಸೇರಿಸಿ ಒಂದೇ ಮಾಡೋದು."

"ಮತ್ತ ಲೇಯರ್?"

"ಅಂತರಪಟ ಇದ್ದಂಗ ತಿಳ್ಕೊರಿ. ಮ್ಯಾಲಿಂದು ತಗದ್ರ ಹಿಂದಿಂದು ಕಾಣ್ತದ."

ಪಾಪ, ಅವಳು ಹೇಳಿದ್ದು ಉದಾಹರಣೆ. ನಾನು ಅದನ್ನು ಆದೇಶವೆಂದು ಸ್ವೀಕರಿಸಿದೆ!

ರೊಟ್ಟಿ, ಪುಂಡಿಪಲ್ಯದ ಊಟ ಮುಗಿಸಿ ಲ್ಯಾಪ್‌ಟಾಪಿನಲ್ಲಿ ಆ ಫೋಟೋ ತೆರೆದು ಕೂತೆ. ಫ್ಯಾನು ಗುಯ್‌ಗುಡುತ್ತಿತ್ತು. ಕಿಟಕಿಯಾಚೆ ಮಲಗಿದ ಬುದ್ಧನಂತೆ ಕಾಣುವ ಗುಡ್ಡ ಬಿಸಿಲಲ್ಲಿ ತಣ್ಣಗೆ ಮಲಗಿತ್ತು. ಅದನ್ನು ನೋಡುತ್ತ ಕೂತರೆ ಎಂಥವನಿಗೂ ಜೋಂಪು ಹತ್ತುತ್ತದೆ. ನಾನು ಮತ್ತೆ ಮದುವೆಯ ಹಂದರದಲ್ಲಿದ್ದೆ. ತಲೆ ಮೇಲೆ ಅಕ್ಷತೆ ಬೀಳುತ್ತಿತ್ತು. ಅಂತರಪಟ ಮೆಲ್ಲಗೆ ಸರಿಯಿತು. ಅವತ್ತು ಕಮಲಾ ಮೊದಲು ನೋಡಿದ್ದು ನನ್ನನ್ನಲ್ಲ, ತನ್ನ ಅಪ್ಪನನ್ನು. ಅಪ್ಪ ನಕ್ಕ ಮೇಲೆ ನನ್ನನ್ನು. ಆ ಮುಖ ಮತ್ತೆ ನೋಡಬೇಕೆಂದು ಎಷ್ಟು ಆಸೆಯಾಯಿತೆಂದರೆ, ಅರೆಗಣ್ಣಿನಲ್ಲೇ ಪರದೆಯ ಮೇಲಿನ ಅಳಿಸುವ ರಬ್ಬರು ಕೈಗೆತ್ತಿಕೊಂಡೆ.

ಅಂತರಪಟದ ಕೆಳತುದಿ ಉಜ್ಜಿದೆ. ಬಟ್ಟೆ ಹೋಗಿ ಸಣ್ಣ ಸಣ್ಣ ಚೌಕಗಳು ಕಂಡವು. ಹಿಗ್ಗಿಹೋದೆ. ಕಮಲಾಳ ಮದುವೆ ಸೀರೆ ಚೌಕಳಿಯದೇ! ಬಣ್ಣ ಬೂದಿಯಾಗಿತ್ತು. ಹಳೇ ಸೀರೆ, ಮಾಸಿರಬೇಕು.

ಉತ್ಸಾಹದಿಂದ ಮೇಲೆ ಮೇಲೆ ಉಜ್ಜಿದೆ. ಸೊಂಟ ಬಂದಿರಬೇಕು, ಚೌಕಳಿ. ಭುಜ ಬಂದಿರಬೇಕು, ಚೌಕಳಿ. ಮುಖ ಬರಬೇಕಾದ ಜಾಗದಲ್ಲೂ ಚೌಕಳಿ! ನಾಚಿ ಸೆರಗು ಹೊದ್ದಿದ್ದಾಳೇನೋ ಎಂದು ಇನ್ನಷ್ಟು ಉಜ್ಜಿದೆ. ಅಷ್ಟರಲ್ಲಿ ತೂಕಡಿಕೆ ಬಂದು ಕೈ ಪಕ್ಕಕ್ಕೆ ಜಾರಿತು. ಕಣ್ಣು ಬಿಟ್ಟಾಗ ನನ್ನ ಮೂಗು, ಬಾಸಿಂಗ, ಪಂಚೆ ಎಲ್ಲ ಮಾಯ!

ಗಾಬರಿಯಲ್ಲಿ ಫ್ಲಾಟನ್ ನೆನಪಾಯಿತು. ಎಲ್ಲಾ ಸೇರಿ ಒಂದಾಗುತ್ತದಲ್ಲ! ಒತ್ತಿದೆ. ಚೌಕಗಳೆಲ್ಲ ಅಚ್ಚ ಬಿಳಿಯಾದವು. ಸದ್ಯ, ಬಟ್ಟೆ ವಾಪಸು ಬಂತೆಂದು ಸೇವ್ ಮಾಡಿ ಮುಚ್ಚಿದೆ. ಮತ್ತೆ ತೆರೆದು ನೋಡಿದರೆ ಅಂತರಪಟ ನನ್ನನ್ನೂ ನುಂಗಿತ್ತು.

ಭಾಗ್ಯಳಿಗೆ ಫೋನು ಮಾಡಿ ನಡೆದದ್ದೆಲ್ಲ ಹೇಳಿದೆ.

"ಸೇವ್ ಮಾಡಿ ಬಂದ್ ಮಾಡೀರೇನು ಮಾಮಾ?"

"ಮಾಡೀನವ್ವಾ."

"ಹಂಗಾರ ಹೋತು ಬಿಡ್ರಿ. ಆ ಚೌಕ ಅಂದ್ರ ಅಲ್ಲಿ ಏನೂ ಇಲ್ಲಂತ ಅರ್ಥ, ಇನ್ನ ವಾಪಸ್ ಬರಂಗಿಲ್ಲ."

ಕಮಲಾ ಚಹಾ ತಂದಳು. ನಾನು ಲ್ಯಾಪ್‌ಟಾಪ್ ಮುಚ್ಚುವಷ್ಟರಲ್ಲೇ ಅವಳು ಬಗ್ಗಿ ನೋಡಿದಳು. ಮುಷ್ಟಿಯಲ್ಲಿ ಬಟ್ಟೆಯ ತುದಿ ಹಿಡಿದು ಮಾವ ನಗುತ್ತಲೇ ಇದ್ದರು. ಅವಳು ಪರದೆಯನ್ನು ಬೆರಳಿಂದ ಮುಟ್ಟಿದಳು. ಕಣ್ಣು ತುಂಬಿತ್ತು.

"ಅಪ್ಪ ಅದಾನ," ಎಂದಳು. ಆಮೇಲೆ, "ನೀವೆಲ್ಲಿ?"

"ಅಂತರಪಟದ ಹಿಂದ."

ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ಛಲೋ ಆತು ಬಿಡ್ರಿ. ಇಷ್ಟು ವರ್ಷ ನಾ ಒಬ್ಬಾಕಿನೇ ನಿಂತಿದ್ದೆ ಅಲ್ಲಿ."

ಯಾದಗಿರಿಯಲ್ಲಿ ಪ್ರಿಂಟು ಹಾಕಿಸಿ, ಕಟ್ಟು ಹಾಕಿಸಿ, ಪಡಸಾಲೆಯಲ್ಲಿ ತೂಗುಹಾಕಿದ್ದಾಳೆ. ಬಂದವರು, "ಮದಿಮಗ ಎಲ್ಲ್ಯಾನ್ರೀ?" ಎಂದು ಕೇಳುತ್ತಾರೆ. ಅದಕ್ಕೇ ಮನೆಗೆ ಯಾರಾದರೂ ಬಂದರೆ ನಾನು ಆ ಫೋಟೋದ ಕೆಳಗೇ ಕುರ್ಚಿ ಹಾಕಿಕೊಂಡು ಕೂರುತ್ತೇನೆ.