ಅಕ್ಕ ಬಿದ್ದಾಗ ನಾನು ಎಲ್ಲಿದ್ದೆ

ಬೀಳುವವರ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಹಿಡಿಯುವವರನ್ನು ಯಾರೂ ವಿಚಾರಿಸುವುದಿಲ್ಲ. ನಾನು ಒಂಬತ್ತು ವರ್ಷದಿಂದ ಹಿಡಿಯುವವಳು. ನಮ್ಮ ಸಭೆ ಇರುವುದು ಕೆ.ಆರ್. ಪುರದಲ್ಲಿ, ಒಂದು ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಅಲ್ಲಿ ಪಾಸ್ಟರ್ ತಲೆಯ ಮೇಲೆ ಕೈ ಇಟ್ಟು ಪ್ರಾರ್ಥನೆ ಮಾಡುವಾಗ ಪವಿತ್ರಾತ್ಮನ ಅಭಿಷೇಕ ಇಳಿದು ಕೆಲವರು ಹಿಂದಕ್ಕೆ ಬೀಳುತ್ತಾರೆ. ಬಿದ್ದವರು ಸ್ವಲ್ಪ ಹೊತ್ತು ಹಾಗೇ ಮಲಗಿದ್ದು, ಅಳುತ್ತಲೋ ನಗುತ್ತಲೋ ಎದ್ದು, ಮನಸ್ಸು ಹಗುರಾಯಿತು ಅನ್ನುತ್ತಾರೆ. ಮನಸ್ಸು ಹಗುರಾಗುವುದು ನಿಜ, ಶರೀರದ ತೂಕ ಮಾತ್ರ ಇದ್ದಷ್ಟೇ ಇರುತ್ತದೆ. ಅದು ನನ್ನ ಪಾಲಿಗೆ ಬಂದ ಸೇವೆ. ಗಂಡಸರನ್ನು ಗಂಡಸರು, ಹೆಂಗಸರನ್ನು ಹೆಂಗಸರು ಹಿಡಿಯಬೇಕೆಂಬುದು ನಮ್ಮಲ್ಲಿ ನಿಯಮ. ಹಿಂದೆ ನಿಂತು, ಮೊಣಕಾಲು ಸ್ವಲ್ಪ ಮಡಿಸಿ, ಕಂಕುಳ ಕೆಳಗೆ ಕೈ ಕೊಟ್ಟು ಮೆಲ್ಲಗೆ ನೆಲಕ್ಕೆ ಇಳಿಸಬೇಕು. ಆಮೇಲೆ ಸೀರೆ ಸರಿಯದ ಹಾಗೆ ಕಾಲ ಮೇಲೆ ಮೆರೂನ್ ಬಟ್ಟೆ ಹೊದಿಸಬೇಕು. ಆ ಹನ್ನೆರಡು ಬಟ್ಟೆಗಳ ಅಂಚು ಮಡಿಸಿ ಹೊಲಿದವಳೂ ನಾನೇ.

ನಾನು ಓದಿದ್ದು ಏಳನೇ ಕ್ಲಾಸು. ಬೈಯಪ್ಪನಹಳ್ಳಿಯಲ್ಲಿ ಬಾಡಿಗೆ ಮನೆಯ ಮುಂದಿನ ರೂಮಿನಲ್ಲಿ ಮೆಷಿನ್ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತೇನೆ. ಬೆನ್ನು ನೋಡಿದರೆ ಟೇಪು ಇಡದೆ ಅಳತೆ ಹೇಳುತ್ತೇನೆ, ಹಿಡಿಯುವ ಸೇವೆಗೂ ಇದೇ ವಿದ್ಯೆ ಉಪಯೋಗಕ್ಕೆ ಬಂತು. ಹಿಮ್ಮಡಿ ಎತ್ತಿಕೊಂಡು ನಿಂತವರು ಬೀಳುತ್ತಾರೆ. ಕೈಚೀಲವನ್ನು ಭದ್ರವಾಗಿ ಕಂಕುಳಲ್ಲಿ ಇಟ್ಟುಕೊಂಡವರು ಬೀಳುವುದಿಲ್ಲ. ಹೊಸದಾಗಿ ಮದುವೆಯಾದವರು ಅತ್ತೆ ಪಕ್ಕದಲ್ಲಿದ್ದರೆ ಬೀಳುವುದಿಲ್ಲ, ಅತ್ತೆ ಬಂದಿರದಿದ್ದರೆ ಬೀಳುತ್ತಾರೆ. ಇಷ್ಟೆಲ್ಲ ತಿಳಿದುಕೊಂಡಿದ್ದರಿಂದ ನನಗೆ ಸ್ವಲ್ಪ ಜಂಬ ಬಂದಿತ್ತು. ದೇವರು ಯಾರನ್ನು ಮುಟ್ಟುತ್ತಾನೆಂದು ಅವನಿಗಿಂತ ಒಂದು ನಿಮಿಷ ಮೊದಲೇ ನನಗೆ ಗೊತ್ತಾಗುತ್ತದೆ ಎಂದುಕೊಂಡಿದ್ದೆ.

ನನ್ನ ಲೆಕ್ಕದಲ್ಲಿ ಎಂದೂ ಬೀಳದವಳು ಒಬ್ಬಳಿದ್ದಳು, ನನ್ನ ಸ್ವಂತ ಅಕ್ಕ ಕರುಣ. ಕುಕ್ ಟೌನಿನ ಒಂದು ನರ್ಸರಿ ಸ್ಕೂಲಿನಲ್ಲಿ ಆಯಾ. ಅಮ್ಮ ತೀರಿಕೊಂಡಾಗ ನನಗೆ ಒಂಬತ್ತು, ಅವಳಿಗೆ ಹದಿನೇಳು. ಅವತ್ತಿನಿಂದ ನನ್ನ ಜಡೆ ಹೆಣೆದಿದ್ದು, ಟೈಲರಿಂಗ್ ಕ್ಲಾಸಿಗೆ ಸೇರಿಸಿದ್ದು, ಗಂಡು ನೋಡಿದ್ದು ಎಲ್ಲ ಅವಳೇ. ಸಭೆಗೆ ಮೊದಲು ಸೇರಿದ್ದೂ ಅವಳೇ, ನಾನು ಅವಳ ಸೆರಗು ಹಿಡಿದುಕೊಂಡು ಹೋದವಳು. ಹೀಗಿದ್ದೂ ಹನ್ನೆರಡು ವರ್ಷದಲ್ಲಿ ಅಕ್ಕ ಒಂದು ಸಲವೂ ಬಿದ್ದಿರಲಿಲ್ಲ. ಎಡಗಡೆಯವರು ಬೀಳುತ್ತಿದ್ದರು, ಬಲಗಡೆಯವರು ಬೀಳುತ್ತಿದ್ದರು, ಅಕ್ಕ ನಡುವೆ ಲೈಟು ಕಂಬದ ಹಾಗೆ ನಿಂತಿರುತ್ತಿದ್ದಳು. ಅದು ಅವಳಿಗೆ ದೊಡ್ಡ ಕೊರಗು.

"ನನ್ನಲ್ಲಿ ಏನೋ ಅಡ್ಡಿ ಇದೆ ಕಣೇ ಎಸ್ತರ್. ಮೊನ್ನೆ ಮೊನ್ನೆ ಸಭೆಗೆ ಬಂದವರು ಬೀಳ್ತಾರೆ. ನನ್ನನ್ನ ಮಾತ್ರ ದೇವರು ಮುಟ್ಟಲ್ಲ" ಅನ್ನುತ್ತಿದ್ದಳು.

"ನೀನು ಬಿದ್ರೆ ಹಿಡಿಯೋದು ನಾನು ತಾನೇ? ನನ್ನ ಮೇಲೆ ಕನಿಕರ ಇಟ್ಟು ಸುಮ್ಮನಿದ್ದಾನೆ" ಅನ್ನುತ್ತಿದ್ದೆ ನಾನು. ಅಕ್ಕ ಮೈಕೈ ತುಂಬಿಕೊಂಡವಳು. ತಮಾಷೆಗೆ ನಗುತ್ತಿದ್ದಳು, ಆದರೆ ಆಮೇಲೆ ಅರ್ಧ ಗಂಟೆ ಮಾತಾಡುತ್ತಿರಲಿಲ್ಲ.

ಹೋದ ವರ್ಷ ನಮ್ಮ ಸಭೆಯ ಉಜ್ಜೀವನ ಕೂಟ ಮೂರು ದಿನ ಒಂದು ಕಲ್ಯಾಣ ಮಂಟಪದಲ್ಲಿ ನಡೆಯಿತು. ಹೊರಗಿನಿಂದ ಬಂದ ದೇವಸೇವಕರೊಬ್ಬರು ಇಂಗ್ಲಿಷಿನಲ್ಲಿ ಮಾತಾಡಿದರು. ಅವರ ಎಡಗಡೆ ಕನ್ನಡಕ್ಕೆ ಒಬ್ಬರು, ಬಲಗಡೆ ತಮಿಳಿಗೆ ಒಬ್ಬರು. ದೇವಸೇವಕರು ಮೆಲುದನಿಯವರು. ನಮ್ಮ ಕನ್ನಡದ ಬ್ರದರ್ ಅವರು ಹೇಳಿದ್ದನ್ನು ಎರಡರಷ್ಟು ಜೋರಾಗಿ ಹೇಳುತ್ತಿದ್ದರು, ತಮಿಳಿನ ಬ್ರದರ್ ನಮ್ಮವರಿಗೆ ಸೋಲಬಾರದೆಂದು ಅದಕ್ಕಿಂತ ಜೋರು. ದೇವಸೇವಕರು ಒಂದು ಸಲ ಕೆಮ್ಮಿದರು. ನಮ್ಮ ಬ್ರದರ್ ಭರದಲ್ಲಿ "ಹಲ್ಲೆಲೂಯ" ಎಂದುಬಿಟ್ಟರು, ನಾವೆಲ್ಲ ಕೈ ಎತ್ತಿ ಹಲ್ಲೆಲೂಯ ಎಂದೆವು. ಮಧ್ಯಾಹ್ನದ ಬಿರಿಯಾನಿ ಆದ ಮೇಲಿನ ಕೂಟದಲ್ಲಿ ಮಾತ್ರ ಮೂರು ಭಾಷೆಯೂ ಸೇರಿ ಕೆಲವರನ್ನು ಎಬ್ಬಿಸಲಾಗಲಿಲ್ಲ. ಈ ಕೂಟಕ್ಕಾಗಿ ಅಕ್ಕ ಮೂರು ಶುಕ್ರವಾರ ಉಪವಾಸ ಮಾಡಿದ್ದಳು.

ಕೊನೆಯ ದಿನ ಸಂಜೆ ಪ್ರಾರ್ಥನೆಗೆ ಸಾಲು ನಿಂತಿತು. ನನ್ನ ಕೊರಳಲ್ಲಿ ವಾಲಂಟಿಯರ್ ಬ್ಯಾಡ್ಜು, ಹೆಗಲ ಮೇಲೆ ಮೆರೂನ್ ಬಟ್ಟೆ. ನಾನು ಅಕ್ಕನ ಹಿಂದೆ ನಿಂತಿದ್ದೆ. ಅಕ್ಕನಿಂದ ನಾಲ್ಕು ಜನ ಆಚೆ ಇಂದಿರಾನಗರದ ಶೀಲಾ ಸಿಸ್ಟರ್ ನಿಂತಿದ್ದರು. ಅವರ ಮಗಳ ಮದುವೆ ಗೊತ್ತಾಗಿದೆ, ಮನೆಯ ಹೆಂಗಸರಿಗೆಲ್ಲ ಬ್ಲೌಸ್ ಹೊಲಿಸಬೇಕಂತೆ ಎಂಬ ಸುದ್ದಿ ಬೆಳಿಗ್ಗೆಯಷ್ಟೇ ನನ್ನ ಕಿವಿಗೆ ಬಿದ್ದಿತ್ತು. ಅವತ್ತು ಅವರು ನವಿಲುಬಣ್ಣದ ರೇಷ್ಮೆ ಸೀರೆ ಉಟ್ಟಿದ್ದರು. ಬ್ಲೌಸಿನ ಬೆನ್ನು ಒಂದು ಕಡೆ ಎಳೆದುಕೊಂಡಿತ್ತು. ಯಾರು ಹೊಲಿದರೋ ಪಾಪಿ ಎಂದು ನನ್ನ ಕೈ ತುರಿಸಿತು. ಶೀಲಾ ಸಿಸ್ಟರ್ ಬಿದ್ದರೆ, ನಾನು ಹಿಡಿದರೆ, ಎದ್ದ ಮೇಲೆ ಅವರು ಕಣ್ಣು ಒರೆಸಿಕೊಂಡು ನನ್ನ ಕಡೆ ನೋಡಿದರೆ, "ಸಿಸ್ಟರ್, ನಾನು ಟೈಲರು" ಎಂದು ಒಂದು ಮಾತು ಹೇಳಬಹುದು. ಪ್ರಾರ್ಥನೆಯ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಓಡಿದ್ದು ಇದು. ಅಕ್ಕ ಹೇಗೂ ಬೀಳುವವಳಲ್ಲ ಎಂದುಕೊಂಡು ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದೆ. ಶೀಲಾ ಸಿಸ್ಟರ್ ಹಿಂದೆ ಕೈ ಎರಡೂ ಚಾಚಿ ನಿಂತೆ, ರೇಷ್ಮೆಗೆ ಬೆವರು ತಾಕಬಾರದೆಂದು ಅಂಗೈ ಕೂಡ ಒರೆಸಿಕೊಂಡೆ.

ಪಕ್ಕದಲ್ಲಿ ದಬ್ ಎಂದು ಸದ್ದಾಯಿತು. ಅಕ್ಕಿ ಮೂಟೆ ಇಳಿಸಿದ ಹಾಗೆ. ತಿರುಗಿ ನೋಡಿದರೆ ಅಕ್ಕ ಜಮಖಾನದ ಮೇಲೆ ಅಂಗಾತ ಮಲಗಿದ್ದಾಳೆ. ಕಣ್ಣು ಮುಚ್ಚಿದೆ, ಮುಖದಲ್ಲಿ ನಗು, ಕೆನ್ನೆ ಮೇಲೆ ನೀರು. ಹನ್ನೆರಡು ವರ್ಷ ಬೀಳದವಳು ನಾನು ನಾಲ್ಕು ಹೆಜ್ಜೆ ದೂರ ಹೋದ ಹೊತ್ತಿನಲ್ಲಿ ಬಿದ್ದಿದ್ದಳು. ನಾನು ಓಡಿಹೋಗಿ ಕಾಲ ಮೇಲೆ ಬಟ್ಟೆ ಹೊದಿಸಿ, ತಲೆಯ ಕೆಳಗೆ ಕೈ ಕೊಟ್ಟು ಕೂತೆ. ಶೀಲಾ ಸಿಸ್ಟರ್ ಬೀಳಲಿಲ್ಲ. ಪ್ರಾರ್ಥನೆ ಮುಗಿದ ಮೇಲೆ ಕೂದಲಿನ ಪಿನ್ನು ಸರಿಮಾಡಿಕೊಂಡು ಹೋಗಿ ಕುರ್ಚಿಯಲ್ಲಿ ಕೂತರು. ಅಕ್ಕ ಕಾಲು ಗಂಟೆಯ ಮೇಲೆ ಕಣ್ಣು ಬಿಟ್ಟಳು. ತಲೆಯ ಕೆಳಗೆ ನನ್ನ ಕೈ.

"ಎಸ್ತರ್, ನೀನೇನಾ ಹಿಡಿದಿದ್ದು?"

ಇಲ್ಲ ಅನ್ನುವುದಕ್ಕೆ ಬಾಯಿ ತೆರೆದೆ. ಅಷ್ಟು ನೆಮ್ಮದಿಯ ಮುಖವನ್ನು ನಾನು ಅವಳಲ್ಲಿ ಕಂಡಿರಲಿಲ್ಲ. "ಹ್ಞೂಂ" ಎಂದುಬಿಟ್ಟೆ.

ಅಷ್ಟಕ್ಕೇ ನಿಂತಿದ್ದರೆ ನಾನು ಈ ಸುಳ್ಳನ್ನು ಹೇಗೋ ಹೊತ್ತುಕೊಂಡು ಹೋಗುತ್ತಿದ್ದೆ. ಆದರೆ ನಮ್ಮಲ್ಲಿ ಯಾರಿಗೆ ಏನು ಒಳ್ಳೆಯದಾದರೂ ಭಾನುವಾರ ಮೈಕಿನ ಮುಂದೆ ಸಾಕ್ಷಿ ಹೇಳಬೇಕು. ಅಕ್ಕ ಹೋಗಿ ನಿಂತಳು. ದೇವರು ತನ್ನನ್ನು ಮುಟ್ಟಿದ್ದನ್ನು ಎರಡು ಮಾತಿನಲ್ಲಿ ಮುಗಿಸಿ, ಉಳಿದ ಹತ್ತು ನಿಮಿಷ ನನ್ನ ಬಗ್ಗೆ ಹೇಳಿದಳು. "ಚಿಕ್ಕವಳಿದ್ದಾಗ ಇವಳನ್ನ ನಾನು ಎತ್ಕೊಂಡು ಓಡಾಡ್ತಿದ್ದೆ. ಅವತ್ತು ಇವಳು ನನ್ನನ್ನ ಹಿಡಿದ್ಳು. ಕೈ ಹೂವಿನ ಹಾಗಿತ್ತು, ನಂಗೆ ನೆಲ ತಾಕಿದ್ದೇ ಗೊತ್ತಾಗ್ಲಿಲ್ಲ" ಎಂದು ಅತ್ತಳು. ಮುಂದಿನ ಸಾಲಿನಲ್ಲಿ ಕೂತಿದ್ದ ಪಾಸ್ಟರ್ ಹೆಂಡತಿ, ನಾವು ಪಾಸ್ಟರಮ್ಮ ಅನ್ನುವವರು, ಹಿಂದೆ ತಿರುಗಿ ನನ್ನ ಕೈ ಅದುಮಿದರು. ನಾನೂ ಅತ್ತೆ. ನೋಡಿದವರು ಅದನ್ನು ಸಂತೋಷದ ಅಳು ಎಂದುಕೊಂಡರು.

ಅವತ್ತಿನಿಂದ ನನಗೆ ಊಟ ಸೇರಲಿಲ್ಲ. ಮಾರತ್ತಹಳ್ಳಿಯ ಒಬ್ಬರ ಬ್ಲೌಸಿಗೆ ಎರಡು ಎಡಗೈ ಹೊಲಿದೆ. ಅದರ ಮೇಲೆ ಇನ್ನೊಂದು ಸುದ್ದಿ ಬಂತು. ಕೂಟದ ಮೂರೂ ದಿನದ ವಿಡಿಯೋ ಸಭೆಯ ವಾಟ್ಸ್ಯಾಪ್ ಗುಂಪಿಗೆ ಗುರುವಾರ ಬರುತ್ತದಂತೆ. "ನಾನು ಬೀಳೋದನ್ನ ನಾನೇ ನೋಡ್ಬೇಕು, ನೀನು ಹಿಡಿಯೋದನ್ನೂ ನೋಡ್ಬೇಕು. ಬಾ, ಇಬ್ರೂ ಕೂತು ನೋಡೋಣ" ಎಂದು ಅಕ್ಕ ಫೋನ್ ಮಾಡಿದಳು. ವಿಡಿಯೋದಲ್ಲಿ ಏನು ಕಾಣುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅಕ್ಕ ಒಂದು ಕಡೆ ಬೀಳುತ್ತಾಳೆ, ನಾನು ಇನ್ನೊಂದು ಕಡೆ ನವಿಲುಬಣ್ಣದ ಸೀರೆಯ ಹಿಂದೆ ಕೈ ಚಾಚಿ ನಿಂತಿರುತ್ತೇನೆ, ಬಸ್ಸು ನಿಲ್ಲಿಸುವವಳ ಹಾಗೆ. ಬುಧವಾರ ಮಧ್ಯಾಹ್ನವೇ ಅಕ್ಕನ ಮನೆಗೆ ಓಡಿದೆ. ಅವಳು ನೆಲದ ಮೇಲೆ ಮೊರ ಇಟ್ಟುಕೊಂಡು ಅವರೆಕಾಳು ಹಿದುಕುತ್ತಿದ್ದಳು. ನಾನೂ ಕೂತು ನಾಲ್ಕು ಕಾಳು ಹಿದುಕಿದೆ. ಐದನೆಯದು ಎಗರಿ ಮಂಚದ ಕೆಳಗೆ ಹೋಯಿತು.

"ಅಕ್ಕಾ, ನಿನ್ನನ್ನ ನಾನು ಹಿಡೀಲಿಲ್ಲ" ಎಂದೆ.

ಅಕ್ಕ ಹಿದುಕುವುದನ್ನು ನಿಲ್ಲಿಸಲಿಲ್ಲ. "ಮತ್ತೆ ಯಾರು ಹಿಡಿದಿದ್ದು?"

"ಯಾರೂ ಇಲ್ಲ. ನಾನು ಆ ಕಡೆ ಹೋಗಿದ್ದೆ. ಶೀಲಾ ಸಿಸ್ಟರ್ ಹಿಂದೆ."

"ಯಾಕೆ?"

"ಮದುವೆ ಬ್ಲೌಸು."

ಈಗ ಅವಳ ಕೈ ನಿಂತಿತು. ಬೈಯಲಿ ಎಂದು ಕಾದೆ. ಚಿಕ್ಕವಳಿದ್ದಾಗ ಅವಳು ಬೈದು ಒಂದು ಏಟು ಕೊಟ್ಟರೆ ಐದು ನಿಮಿಷಕ್ಕೆ ಎಲ್ಲ ಸರಿಹೋಗುತ್ತಿತ್ತು. ಅವಳು ಬೈಯಲಿಲ್ಲ. ಮೊರವನ್ನು ಪಕ್ಕಕ್ಕೆ ಸರಿಸಿ ಮೆಲ್ಲಗೆ, "ಹಾಗಾದ್ರೆ ಹಿಂದೆ ಯಾರೂ ಇರ್ಲಿಲ್ಲ" ಎಂದಳು. ಇನ್ನೊಮ್ಮೆ, ಬೇರೆ ದನಿಯಲ್ಲಿ, "ಯಾರೂ ಇರ್ಲಿಲ್ಲ ಕಣೇ ಎಸ್ತರ್" ಎಂದಳು. ಆ ದನಿ ಕೇಳಿ ನನಗೆ ಹೆದರಿಕೆಯಾಯಿತು, ಅದು ಸಾಕ್ಷಿ ಹೇಳುವ ದನಿ. ಮರುದಿನ ವಿಡಿಯೋ ಬಂತು. ಆ ಹೊತ್ತಿನಲ್ಲಿ ಕ್ಯಾಮೆರಾದ ಬ್ರದರ್ ಹಾಡುವವರನ್ನು ತೋರಿಸುತ್ತಿದ್ದರು. ಅಕ್ಕನೂ ಇಲ್ಲ, ನಾನೂ ಇಲ್ಲ, ಕೀಬೋರ್ಡ್ ಬಾರಿಸುವವರ ಬೆರಳು ಮಾತ್ರ ಸ್ಪಷ್ಟವಾಗಿ ಕಾಣುತ್ತಿತ್ತು. ಒಂದು ದಿನ ಬಾಯಿ ಮುಚ್ಚಿಕೊಂಡಿದ್ದರೆ ಸಾಕಾಗಿತ್ತು.

ಭಾನುವಾರ ಅಕ್ಕ ಮತ್ತೆ ಮೈಕಿನ ಮುಂದೆ ಹೋದಳು. "ಹೋದ ವಾರ ನಾನು ಹೇಳಿದ್ದು ತಪ್ಪು. ನನ್ನ ತಂಗಿ ನನ್ನನ್ನ ಹಿಡೀಲಿಲ್ಲ. ಅವಳು ಶೀಲಾ ಸಿಸ್ಟರ್ ಮನೆ ಮದುವೆ ಬ್ಲೌಸಿನ ಆರ್ಡರ್ ಆಸೆಗೆ ನನ್ನನ್ನ ಬಿಟ್ಟು ಹೋಗಿದ್ಳು. ಹಿಂದೆ ಒಬ್ರೂ ಇರ್ಲಿಲ್ಲ. ಆದ್ರೂ ನಂಗೆ ಒಂದು ಗೀರೂ ಆಗ್ಲಿಲ್ಲ. ಹಾಗಾದ್ರೆ ನನ್ನನ್ನ ಹಿಡಿದೋರು ಯಾರು?" ಎಂದು ಕೇಳಿದಳು. "ದೇವದೂತರು" ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. ಸ್ತೋತ್ರ, ಹಲ್ಲೆಲೂಯ, ಚಪ್ಪಾಳೆ, ಮಹಡಿ ಅದುರಿತು. ಶೀಲಾ ಸಿಸ್ಟರ್ ಸಂಕೋಚದಿಂದ ತಲೆ ತಗ್ಗಿಸಿದ್ದರು. ಕೂಟ ಬಿಟ್ಟ ಮೇಲೆ ನನ್ನ ಹತ್ತಿರ ಬಂದು, ಮದುವೆ ಬ್ಲೌಸುಗಳನ್ನು ಕಮರ್ಷಿಯಲ್ ಸ್ಟ್ರೀಟಿನಲ್ಲಿ ಆಗಲೇ ಕೊಟ್ಟಾಗಿದೆ ಎಂದರು. ನವಿಲುಬಣ್ಣದ್ದು ಸ್ವಲ್ಪ ಬಿಗಿ, ಬೆನ್ನು ಸಡಿಲ ಮಾಡಿಕೊಡುತ್ತೀರಾ ಎಂದು ಕೇಳಿದರು.

ಅಕ್ಕನ ಈ ಸಾಕ್ಷಿ ಬೇಗ ಹೆಸರು ಮಾಡಿತು. ಹಲಸೂರಿನ ಮನೆ ಕೂಟಕ್ಕೆ, ಶಿವಾಜಿನಗರದ ಉಪವಾಸ ಕೂಟಕ್ಕೆ ಅವಳನ್ನು ಕರೆಯತೊಡಗಿದರು. ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದಳು. ಸರಿಯಾದ ಜಾಗ ಬಂದಾಗ "ಆ ತಂಗಿ ಇವಳೇ, ಎದ್ದು ನಿಲ್ಲು ಎಸ್ತರ್" ಅನ್ನುತ್ತಿದ್ದಳು. ನಾನು ಎದ್ದು ನಿಲ್ಲುತ್ತಿದ್ದೆ, ಜನ ಚಪ್ಪಾಳೆ ತಟ್ಟುತ್ತಿದ್ದರು. ನನ್ನ ಜನ್ಮದಲ್ಲಿ ನನಗೆ ಸಿಕ್ಕ ಚಪ್ಪಾಳೆಯೆಲ್ಲ ಮಾಡದೆ ಬಿಟ್ಟ ಒಂದು ಕೆಲಸಕ್ಕೆ. ನಮ್ಮ ಸಭೆಯಲ್ಲಿ ಇನ್ನೊಂದು ಫಜೀತಿ ಶುರುವಾಯಿತು. ಪ್ರಾರ್ಥನೆ ಸಾಲಿನಲ್ಲಿ ನಾನು ಯಾರ ಹಿಂದೆ ಹೋಗಿ ನಿಂತರೂ ಅವರು ಒಂದು ಕಣ್ಣು ಬಿಟ್ಟು, "ಸಿಸ್ಟರ್, ನೀವು ಸ್ವಲ್ಪ ಆ ಕಡೆ ಹೋಗ್ತೀರಾ?" ಅನ್ನುತ್ತಾರೆ. ನಾನು ಇಲ್ಲದ ಜಾಗಕ್ಕೆ ದೇವದೂತರು ಬರುತ್ತಾರಲ್ಲ. ಪಾಸ್ಟರಮ್ಮ ಇದು ಅಪಾಯ ಎಂದು ಮೈಕಿನಲ್ಲಿ ಎರಡು ಸಲ ತಿಳಿಸಿ ಹೇಳಬೇಕಾಯಿತು.

ಈ ನಡುವೆ ಅಕ್ಕ ಕ್ಷಮಿಸಿದೆ ಎಂದು ನನಗೆ ಒಮ್ಮೆಯೂ ಹೇಳಿರಲಿಲ್ಲ. ಸಾಕ್ಷಿಯಲ್ಲಿ ನನ್ನ ತಪ್ಪನ್ನು ಊರಿಗೆಲ್ಲ ಹೇಳುತ್ತಿದ್ದಳು, ನನ್ನ ಜೊತೆ ಮಾತ್ರ ಅದರ ಮಾತು ಎತ್ತುತ್ತಿರಲಿಲ್ಲ. ಅದೇ ನನ್ನನ್ನು ಕೊರೆಯುತ್ತಿತ್ತು. ಹೋದ ತಿಂಗಳು ನಮ್ಮ ಸಭೆಯ ಉಪವಾಸ ಕೂಟದಲ್ಲಿ ಎಲ್ಲರೂ ನನ್ನನ್ನು ಅತ್ತ ಇತ್ತ ಕಳಿಸಿದಾಗ ಗೋಡೆಗೆ ಒರಗಿ ನಿಂತುಬಿಟ್ಟಿದ್ದೆ. ಅಕ್ಕ ಸಾಲಿನಿಂದ ಹೊರಗೆ ಬಂದು, ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ತನ್ನ ಹಿಂದೆ ನಿಲ್ಲಿಸಿದಳು.

"ಇಲ್ಲೇ ನಿಲ್ಲು. ಅಲ್ಲಾಡ್ಬೇಡ."

"ನಿಂಗೆ ದೇವದೂತರು ಬೇಡ್ವಾ?" ಎಂದು ಕೇಳಿದೆ.

ಅಕ್ಕ ಅಕ್ಕಪಕ್ಕ ನೋಡಿ, ನನ್ನ ಕಿವಿಯ ಹತ್ತಿರ ಬಂದಳು. "ಅವ್ರು ಒಂದು ಸಲ ಹಿಡಿದಿದ್ದಕ್ಕೆ ಮೂರು ವಾರ ಸೊಂಟ ಹಿಡ್ಕೊಂಡಿತ್ತು. ಯಾರಿಗೂ ಹೇಳಿಲ್ಲ."

"ಏನೂ ಆಗ್ಲಿಲ್ಲ ಅಂತ ಮೈಕಲ್ಲಿ ಹೇಳ್ದೆ?"

"ಗೀರು ಆಗ್ಲಿಲ್ಲ ಅಂದೆ. ನೋವಾಗ್ಲಿಲ್ಲ ಅಂತ ಯಾವಾಗ ಅಂದೆ?" ಎಂದು ಮುಂದಕ್ಕೆ ತಿರುಗಿ ಕಣ್ಣು ಮುಚ್ಚಿದಳು.

ಪಾಸ್ಟರ್ ಬಂದರು, ಅಕ್ಕನ ತಲೆಯ ಮೇಲೆ ಕೈ ಇಟ್ಟರು. ನಾನು ಮೊಣಕಾಲು ಮಡಿಸಿ, ಕೈ ಎರಡೂ ಚಾಚಿ, ಉಸಿರು ಬಿಗಿಹಿಡಿದು ನಿಂತೆ. ಅವತ್ತು ಪಕ್ಕದಲ್ಲಿ ಯಾರಿದ್ದರು, ಏನು ಉಟ್ಟಿದ್ದರು ಎಂದು ಕೇಳಿದರೆ ನಾನು ಹೇಳಲಾರೆ. ರಟ್ಟೆ ನೋವು ಬರುವವರೆಗೂ ನಿಂತಿದ್ದೆ. ಅಕ್ಕ ಬೀಳಲಿಲ್ಲ. ಆಮೆನ್ ಹೇಳಿ, ಸೆರಗು ಹೊದ್ದುಕೊಂಡು ನೆಟ್ಟಗೆ ಹೋಗಿ ತನ್ನ ಕುರ್ಚಿಯಲ್ಲಿ ಕೂತಳು. ಅವತ್ತು ಅಭಿಷೇಕ ಇಳಿಯಲಿಲ್ಲವೋ, ಇಳಿದರೂ ನನ್ನನ್ನು ನಂಬಿ ಬೀಳುವ ಧೈರ್ಯ ಅವಳಿಗೆ ಬರಲಿಲ್ಲವೋ ನನಗೆ ಗೊತ್ತಿಲ್ಲ. ಕೇಳಿಬಿಡೋಣ ಎಂದು ಎರಡು ಸಲ ಅವಳ ಹತ್ತಿರ ಹೋದೆ. ಕೇಳಿದರೆ ಮುಂದಿನ ಭಾನುವಾರ ಅದಕ್ಕೂ ಒಂದು ಸಾಕ್ಷಿ ಹೇಳಿ ನನ್ನನ್ನು ಎಬ್ಬಿಸಿ ನಿಲ್ಲಿಸುತ್ತಾಳೆ ಎಂದು ಹೆದರಿ, ಹೆಗಲ ಮೇಲಿನ ಬಟ್ಟೆ ಮಡಿಸಿಟ್ಟು ವಾಪಸ್ ಬಂದೆ.