ತೋಳದ ಬಾಯಿ

ಎಜಿದಿಯೊ ಮಾಡಿದ ತಪ್ಪು ಇಷ್ಟೇ: ಹಾರೈಕೆಗೆ ಥ್ಯಾಂಕ್ಸ್ ಹೇಳಿದ.

ಅಂದು ಲ್ಯಾಟಿನ್ ಮೌಖಿಕ ಪರೀಕ್ಷೆ. ಪಾಸಾದರೆ ಬೇಸಿಗೆ ಪೂರ್ತಿ ಗೆಳೆಯರ ಜೊತೆ ಸಮುದ್ರ. ಫೇಲಾದರೆ ರೋಮಿನ ಸೆಕೆಯಲ್ಲಿ ಬೆಂದು, ಸೆಪ್ಟೆಂಬರಿನಲ್ಲಿ ಮತ್ತೆ ಪರೀಕ್ಷೆ. ಪಾಠ, ಹಳೆಯ ರೋಮನ್ ದುರಂತ ನಾಟಕಗಳದು. ಹುಚ್ಚು ಹಿಡಿದು ಹೆಂಡತಿ ಮಕ್ಕಳನ್ನೇ ಕೊಂದ ವೀರ, ತಮ್ಮನ ಮಕ್ಕಳನ್ನು ಬೇಯಿಸಿ ತಮ್ಮನಿಗೇ ಬಡಿಸಿದ ರಾಜ. ಒಬ್ಬೊಬ್ಬನೂ ಕತ್ತಿ ಎತ್ತುವ ಮೊದಲು ಎರಡು ಪುಟ ಭಾಷಣ ಬಿಗಿಯುವವನೇ. "ನಾಯಕನ ದೋಷವೇನು?" ಎನ್ನುವುದು ಲೂಪೊ ಮೇಷ್ಟ್ರ ಕಾಯಂ ಪ್ರಶ್ನೆ. "ಕೋಪ" ಎಂಬ ಒಂದೇ ಉತ್ತರವನ್ನು ಎಜಿದಿಯೊ ಎಲ್ಲ ನಾಯಕರಿಗೂ ಹೊಲಿಸಿಟ್ಟಿದ್ದ. ಮೇಷ್ಟ್ರು ಹೃದಯದ ಆಪರೇಷನ್ ಮುಗಿಸಿಕೊಂಡು ಅಂದೇ ಶಾಲೆಗೆ ಮರಳುವವರಿದ್ದರು. ಸಾವಿನ ಮುಖ ನೋಡಿ ಬಂದವರು, ಕೈ ಸಡಿಲ ಬಿಟ್ಟಾರು ಎಂದು ಕ್ಲಾಸಿಗೆ ಕ್ಲಾಸೇ ನಂಬಿತ್ತು.

ಅವನ ಮನೆಯಿದ್ದ ಕಟ್ಟಡದ ಬಾಗಿಲು ಕಾಯುವ ನಾಟಾಲಿನಾ ಮುದುಕಿ ಮೆಟ್ಟಿಲು ಒರೆಸುತ್ತಿದ್ದಳು. "ಇವತ್ತೇನೋ ಪರೀಕ್ಷೆ? ತೋಳದ ಬಾಯಿಗೆ ಬೀಳಪ್ಪಾ!"

ಪರೀಕ್ಷೆಗೆ ಹೊರಟವರಿಗೆ ಆ ಊರಲ್ಲಿ ಒಳ್ಳೆಯದಾಗಲಿ ಎನ್ನುವುದು ಹೀಗೆಯೇ. ಎಜಿದಿಯೊನ ತಲೆ ಇನ್ನೂ ಆ ರಾಜನ ಅಡುಗೆಮನೆಯಲ್ಲಿತ್ತು. "ಥ್ಯಾಂಕ್ಸ್ ಅಜ್ಜಿ" ಎಂದುಬಿಟ್ಟ.

ಒರೆಸುವ ಕೋಲು ದಡಾರನೆ ಬಿತ್ತು. "ನಿನ್ ಬಾಯಿಗೆ ಮಣ್ಣು ಹಾಕ! 'ತೋಳ ಸಾಯಲಿ' ಅನ್ಬೇಕು ಕಣೋ! ಥ್ಯಾಂಕ್ಸ್ ಅಂದ್ರೆ ಅದು ನುಂಗ್ದೆ ಬಿಡುತ್ತಾ?"

ಮೇಲಿನ ಕಿಟಕಿಯಿಂದ ಗಾಸ್ಪರೆ ಇಣುಕಿದ. ನಲವತ್ತು ವರ್ಷ ಟ್ರಾಮ್ ಓಡಿಸಿ ನಿವೃತ್ತನಾದವನು. ಈಗ ಓಡಿಸಲು ಅಕ್ಕಪಕ್ಕದವರು ಮಾತ್ರ ಉಳಿದಿದ್ದರು. "ಯಾವನೋ ಥ್ಯಾಂಕ್ಸ್ ಅಂದೋನು? ನಮ್ ಭಾವನೂ ಹಿಂಗೇ ಅಂದಿದ್ದ, ಮದುವೆ ದಿನ."

"ಏನಾಯ್ತು?"

"ಮದುವೆ ಆಯ್ತು. ಕಬ್ಬಿಣ ಮುಟ್ಟೋ ಬೇಗ, ಅಪಶಕುನ ಕಳೆಯುತ್ತೆ!"

ಎಜಿದಿಯೊ ಗೇಟನ್ನು ಎರಡೂ ಕೈಯಲ್ಲಿ ತಬ್ಬಿದ.

"ಅಯ್ಯೋ, ಬೆಳಿಗ್ಗೆ ತಾನೆ ಬಣ್ಣ ಹೊಡೆಸಿದ್ದೆ!" ಎಂದಳು ನಾಟಾಲಿನಾ. ಅವನ ಅಂಗೈಗಳು ಪಾಲಕ್ ಸೊಪ್ಪಿನ ಹಾಗೆ ಹಸಿರಾಗಿದ್ದವು.

ಮುದುಕಿ ಒಳಗಿಂದ ಉಪ್ಪು ತಂದಳು. ಎಡಹೆಗಲ ಮೇಲಿಂದ ಹಿಂದಕ್ಕೆ ಎಸೆಯಬೇಕಂತೆ. ಎಜಿದಿಯೊ ಎಸೆದ, ಗಾಳಿ ವಾಪಸು ಕೊಟ್ಟಿತು. ಕಣ್ಣು ಕೆಂಡವಾಗಿ ನೀರು ಧಾರಾಕಾರ ಸುರಿಯಿತು.

"ಸಾಕು ಬಿಡಿ, ಟ್ರಾಮ್ ಹೊರಟೋಗುತ್ತೆ!"

"ಟ್ರಾಮ್ ವಿಷ್ಯ ನಂಗ್ ಹೇಳ್ಬೇಡ," ಎಂದು ಗಾಸ್ಪರೆ ಮನೆಯೊಳಗಿನ ಚಪ್ಪಲಿಯಲ್ಲೇ ಇಳಿದು ಬಂದ. "ಇದಕ್ಕಿರೋದು ಒಂದೇ ದಾರಿ. ಪರೀಕ್ಷೆ ರೂಮಿನ ಹೊಸ್ತಿಲಲ್ಲಿ ನಾನು ಮೂರು ಸಲ ಹಾರೈಸ್ತೀನಿ, ನೀನು ಮೂರು ಸಲ ಸರಿಯಾಗಿ ಉತ್ತರ ಕೊಡು. ಗಂಟಲು ಹರಿಯೋ ಹಾಗೆ!"

ನಾಟಾಲಿನಾ ಕೋಲು ಬಿಡದೆ ಹಿಂದೆ ಬಂದಳು, ಸಾಕ್ಷಿಗೆ.

ಶಾಲೆಯ ಪಡಸಾಲೆಯಲ್ಲಿ ಹುಡುಗರು ಸುತ್ತ ನೆರೆದರು. ಗಾಸ್ಪರೆ ಎದೆ ಉಬ್ಬಿಸಿದ. "ತೋಳದ ಬಾಯಿಗೆ ಬೀಳು!"

"ತೋಳ ಸಾಯಲಿ!"

ಎರಡನೆಯ ಸಲಕ್ಕೆ ಹುಡುಗರೂ ದನಿಗೂಡಿಸಿದರು. ಮೂರನೆಯದಕ್ಕೆ ಎಜಿದಿಯೊ ಹಸಿರು ಮುಷ್ಟಿಗಳನ್ನು ಎತ್ತಿ, ಕಣ್ಣೀರು ಸುರಿಸುತ್ತ ಕಿರುಚಿದ: "ತೋಳ ಸಾಯಲಿ! ಇವತ್ತೇ ಸಾಯಲಿ!"

ಈ ಸಲ ಹುಡುಗರು ದನಿಗೂಡಿಸಲಿಲ್ಲ. ಎಲ್ಲರೂ ಅವನ ಬೆನ್ನ ಹಿಂದೆ ನೋಡುತ್ತಿದ್ದರು.

ಅಲ್ಲಿ ಊರುಗೋಲು ಹಿಡಿದು ಮೇಷ್ಟ್ರು ನಿಂತಿದ್ದರು. ಒಂದು ಕೈ ಎದೆಯ ಹೊಲಿಗೆಯ ಮೇಲಿತ್ತು.

"ಮೂರು ತಲೆಮಾರಿನಿಂದ ನಮ್ಮ ಮನೆತನದ ಹೆಸರು ಲೂಪೊ," ಎಂದರು ಮೆತ್ತಗೆ. "ಲೂಪೊ ಅಂದ್ರೆ ಏನಪ್ಪಾ?"

"ತೋ... ತೋಳ, ಸಾರ್."

"ಡಾಕ್ಟರು ಇನ್ನೂ ಹತ್ತು ವರ್ಷ ಅಂದಿದ್ರು. ನಿನಗೆ ಇವತ್ತೇ ಆಗಬೇಕು. ಬಾ ಒಳಗೆ, ನಿನ್ನಿಂದಲೇ ಶುರು."

ಎಜಿದಿಯೊ ಕಪ್ಪು ಹಲಗೆಯ ಮುಂದೆ ನಿಂತ. ಕಾಯಂ ಪ್ರಶ್ನೆ ಬಂತು. "ನಾಯಕನ ದೋಷವೇನು?"

ಹೊಲಿಸಿಟ್ಟ ಉತ್ತರ ಎಲ್ಲಿ ಹೋಯಿತೋ.

"ಬಾಯಿ, ಸಾರ್."

ಮೇಷ್ಟ್ರು ಊರುಗೋಲನ್ನು ಮೇಜಿಗೆ ಒರಗಿಸಿದರು. "ಇಷ್ಟು ವರ್ಷದಲ್ಲಿ ಇದಕ್ಕಿಂತ ಸರಿಯಾದ ಉತ್ತರ ಕೇಳಿಲ್ಲ. ಆದರೆ ಪುಸ್ತಕದಲ್ಲಿರೋದು ಕೋಪ. ಸೆಪ್ಟೆಂಬರಿನಲ್ಲಿ ಸಿಗೋಣ."

ಎಜಿದಿಯೊ ಬಾಗಿಲ ತನಕ ಹೋದ. ಹಿಂದಿನಿಂದ ಮೇಷ್ಟ್ರು ಕರೆದರು. "ತಗೋ, ಈಗಲೇ ಹಾರೈಸಿಬಿಡ್ತೀನಿ. ತೋಳದ ಬಾಯಿಗೆ ಬೀಳಪ್ಪಾ!"

ಕಿಟಕಿಯಾಚೆ ಗಾಸ್ಪರೆಯೂ ನಾಟಾಲಿನಾಳೂ ಸರಿಯಾದ ಉತ್ತರವನ್ನು ಬಾಯಿ ಅಗಲಿಸಿ ತೋರಿಸುತ್ತಿದ್ದರು. ಎಜಿದಿಯೊ ಅವರನ್ನು ನೋಡಿದ, ಮೇಷ್ಟ್ರನ್ನು ನೋಡಿದ.

"ಥ್ಯಾಂಕ್ಸ್ ಸಾರ್."