ಬಿಳಿ ಬಳೆ ತೊಟ್ಟ ಹಂಡೆ

ಮಗಳು ಯಾಗೋದಾಳ ಜ್ಞಾನಸ್ನಾನದ ದಿನ ವೆಲಿಮಿರ್ ಅಂಗಳದ ತುಂಬ ನೆರೆದ ನೆಂಟರೆದುರು ಲೋಟ ಎತ್ತಿ ಮಾತು ಕೊಟ್ಟಿದ್ದ: “ಇವಳ ಮದ್ವೇಲಿ ಎಲ್ರೂ ನನ್ನ ಹಂಡೆ ರಾಕಿಯಾನೇ ಕುಡೀಬೇಕು. ಹೊರಗಿಂದು ಒಂದು ತೊಟ್ಟೂ ಬರಕೂಡ್ದು!”

ಮದುವೆ ಈ ಭಾನುವಾರ. ರಾಕಿಯಾ ಸಾರಾಯಿ ಇಳಿಸಲು ಪೀಪಾಯಿಯಲ್ಲಿ ಪ್ಲಮ್ ಹಣ್ಣು ಹದವಾಗಿ ಹುಳಿತಿತ್ತು. ವೆಲಿಮಿರನ ಹೊಟ್ಟೆಯೊಳಗೆ ಅದಕ್ಕಿಂತ ಹೆಚ್ಚು ಹುಳಿತಿತ್ತು. ಬೇಲಿಯಾಚೆಯ ಸ್ರೆಚ್ಕೊ ಹೊಸ ಭಟ್ಟಿ ಹಂಡೆ ತಂದಿದ್ದ. ಮುಚ್ಚಳದ ಸಂದಿಗೆ ಟೆಫ್ಲಾನಿನ ಬಿಳಿ ಬಳೆ! ಒತ್ತಿ ಚಿಲಕ ಹಾಕಿದರೆ ಹಬೆ ಮಿಸುಕಾಡದು. ಹೊಸ ಸೊಸೆಯನ್ನು ನೋಡಲು ಹೋಗುವಂತೆ ಊರು ಸಾಲುಗಟ್ಟಿ ಹೋಗಿ ನೋಡಿ ಬರುತ್ತಿತ್ತು.

ಸ್ರೆಚ್ಕೊ ಯಾಗೋದಾಳನ್ನು ಜ್ಞಾನಸ್ನಾನಕ್ಕೆ ಎತ್ತಿಕೊಂಡಿದ್ದ ಧರ್ಮಪಿತ. ಆ ನಂಟಿಗೆ ಇಬ್ಬರೂ ಪರಸ್ಪರ ‘ಕುಮೆ’ ಎಂದೇ ಕರೆಯುವವರು. ಬಾಯಲ್ಲಿ ಜೇನು, ಕಣ್ಣಲ್ಲಿ ಮೆಣಸಿನಕಾಯಿ.

“ಏನು ಕುಮೆ, ಇನ್ನೂ ಅಜ್ಜಿ ಕಾಲದ ಹಿಟ್ಟೇ ಮೆತ್ತೋದಾ?” ಬೇಲಿಯ ಮೇಲೆ ಗಲ್ಲ ಊರಿ ಸ್ರೆಚ್ಕೊ ಕೇಳಿದ. “ರಾಕಿಯಾ ಇಳಿಸ್ತೀಯೋ, ರೊಟ್ಟಿ ಸುಡ್ತೀಯೋ?”

ಹಬೆ ಸೋರದಂತೆ ಮುಚ್ಚಳದ ಸಂದಿಗೆ ಮೆತ್ತಲು ಹೆಂಡತಿ ದೆಸಾಂಕಾ ನಾದುತ್ತಿದ್ದ ಹಿಟ್ಟಿನ ಮುದ್ದೆಯನ್ನು ವೆಲಿಮಿರ್ ಕಿತ್ತುಕೊಂಡು ಕೋಳಿಗಳಿಗೆ ಎಸೆದ.

“ತಲೆ ಕೆಟ್ಟಿದ್ಯಾ? ನಿಮ್ಮಪ್ಪ, ತಾತ ಎಲ್ಲಾ ಇದ್ರಲ್ಲೇ...”

“ಅವರಿಗೆ ಇಂಥ ಕುಮೆ ಇರ್ಲಿಲ್ಲ ಕಣೇ!”

ಕೊಟ್ಟಿಗೆಯಲ್ಲಿದ್ದ ಹಳೇ ಟ್ರ್ಯಾಕ್ಟರ್ ಟ್ಯೂಬನ್ನು ಕತ್ತರಿಸಿ ಬಳೆ ಮಾಡಿದ. ಕಾಗದ ಕೊಡಲು ಬಂದ ಅಂಚೆಯ ಮಿಲೂನ್ಕಾ ಅಲ್ಲೇ ನಿಂತಳು.

“ಅಯ್ಯೋ, ಆ ರಬ್ಬರು ಬಿಸಿ ಸಾರಾಯಿಗೆ ಕರಗುತ್ತೆ ಕಣಣ್ಣ. ವಿಷ ಕುಡಿಸ್ತೀಯಾ?”

“ಅವನದು ಬಿಳಿ, ನನ್ನದು ಕಪ್ಪು. ಬಣ್ಣ ಬಿಟ್ರೆ ಇನ್ನೇನು ವ್ಯತ್ಯಾಸ?” ಎಂದ ವೆಲಿಮಿರ್, ಬೇಲಿಯಾಚೆಗೆ ಕೇಳುವಂತೆ ದನಿ ಏರಿಸಿ ಒಂದು ಸುಳ್ಳು ಬಿಟ್ಟ: “ನಮ್ಮ ಮನೆ ರಾಕಿಯಾ ರುಚಿಗೆ ಯಾಕೆ ಹೆಸರುವಾಸಿ ಗೊತ್ತಾ? ಹಿಟ್ಟು ಬರೀ ತೋರಿಕೆಗೆ! ಒಳಗೆ ಇರ್ತಿದ್ದಿದ್ದು ಈ ರಬ್ಬರೇ!”

ಬೇಲಿಯ ಮೇಲಿದ್ದ ಗಲ್ಲ ಮಾಯವಾಯಿತು. ವೆಲಿಮಿರನಿಗೆ ಅರ್ಧ ಮದುವೆ ಮುಗಿದಷ್ಟು ಸಂತೋಷ.

ಇದ್ದಬದ್ದ ಹಣ್ಣನ್ನೆಲ್ಲ ಹಂಡೆಗೆ ಸುರಿದು ಬೆಂಕಿ ಹಾಕಿದ. ಮಧ್ಯಾಹ್ನದ ಹೊತ್ತಿಗೆ ರಬ್ಬರು ಮಳೆಗಾಲದ ಕಪ್ಪೆಯಂತೆ ಊದಿಕೊಂಡಿತು. ಮುಚ್ಚಳ ಬುಸುಗುಟ್ಟಿತು. ನಳಿಗೆಯಿಂದ ಇಳಿದದ್ದನ್ನು ಮೂಸಿದ ಮಿಲೂನ್ಕಾ ಮೂಗು ಹಿಡಿದಳು.

“ಮೂಗಿನೊಳಗೆ ಲಾರಿ ಬ್ರೇಕ್ ಹಾಕ್ದಂಗಾಯ್ತಲ್ಲಪ್ಪಾ!”

ಚರಂಡಿಗೆ ಚೆಲ್ಲಿದರೆ ಬಾತುಕೋಳಿಗಳು ಆ ಬೀದಿಯನ್ನೇ ಬಿಟ್ಟು ಓಡಿದವು.

ಸಂಜೆ ದೆಸಾಂಕಾ ಖಾಲಿ ಗಾಜಿನ ಜಾಡಿಯನ್ನು ಗಂಡನ ಕೈಗಿತ್ತು, ಬೇಲಿಯ ಕಡೆ ಬೆರಳು ತೋರಿದಳು. ಕೊಟ್ಟ ಮಾತು ಹೋದರೆ ಹೋಗಲಿ, ಬೀಗರ ಗಂಟಲು ಒಣಗಬಾರದಲ್ಲ! ವೆಲಿಮಿರ್ ಅಭಿಮಾನವನ್ನು ಔಷಧಿಯಂತೆ ನುಂಗಿ ಹೊರಟ.

ಬೇಲಿಯ ಬಾಗಿಲಲ್ಲಿ ಸ್ರೆಚ್ಕೊ ಎದುರಾದ. ಅವನ ಕಂಕುಳಲ್ಲೂ ಖಾಲಿ ಜಾಡಿ. ಅವನ ಬೆನ್ನ ಹಿಂದಿನಿಂದ ಸುಟ್ಟ ಟೈರಿನ ವಾಸನೆ.

“ಕುಮೆ,” ಎಂದ ಅವನು ನೆಲ ನೋಡುತ್ತ, “ಒಂದು ಜಾಡಿ ನಿನ್ನದು ಕೊಡೋ. ಧರ್ಮಪಿತ ಬರಿಗೈಲಿ ಬರೋಕಾಗತ್ತಾ? ಇಷ್ಟು ವರ್ಷ ನಿನ್ನ ರಾಕಿಯಾ ರುಚಿ ನೋಡಿ ನನ್ನ ಹೊಟ್ಟೆ ಉರೀತಿತ್ತು ಕಣೋ. ಬೆಳಿಗ್ಗೆ ಗುಟ್ಟು ಕೇಳ್ದೆ ನೋಡು, ಆ ಬಿಳಿ ಬಳೆ ಕಿತ್ತೆಸೆದು ನಾನೂ ಟ್ಯೂಬು ಕತ್ತರಿಸ್ದೆ.”

ಭಾನುವಾರ ಯಾಗೋದಾಳ ಮದುವೆಗೆ ಬಂದವರು ಪೇಟೆ ಅಂಗಡಿಯ ಬಿಯರ್ ಕುಡಿದರು. ವೆಲಿಮಿರ್ ಕೊಟ್ಟ ಮಾತು ಮುರಿಯಿತು.